‘ಕ್ಷ’ದ ಹಿಂದಿನ ಕಾಗೆ

ಸಿಗಡಿಯ ತಲೆ ಮುರಿದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನರವನ್ನು ಉಗುರಿನಿಂದ ಎಳೆದು ಬೋಗುಣಿಗೆ ಹಾಕುವ ಹೊತ್ತಿಗೆ ಕುಸುಮಾವತಿಯ ಬಾಯಿ ಕಾದಂಬರಿಯ ಗುಲಾಬಿಯನ್ನು ಮದುವೆ ಚಪ್ಪರದ ಬಾಗಿಲಿಗೆ ತಂದು ನಿಲ್ಲಿಸಿತ್ತು. ಮುಂದೇನು ಹೇಳಬೇಕೆಂದು ಬಾಯಿಗೂ ಗೊತ್ತಿರಲಿಲ್ಲ. ಬಲಗಿವಿಯಲ್ಲಿ ಇಯರ್‌ಫೋನು ಎಂದಿನಂತೆ ಸಿಕ್ಕಿಕೊಂಡಿತ್ತು, ಅದರ ವಯರು ಎಂದಿನಂತೆ ಮಗ್ಗುಲಿನಲ್ಲಿ ಬೋರಲು ಹಾಕಿದ ಮೀನಿನ ಕ್ರೇಟಿನ ಮೇಲಿನ ಲ್ಯಾಪ್‌ಟಾಪಿಗೆ ಹೋಗಿತ್ತು, ನೀರು ಸಿಡಿಯದಂತೆ ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ಕಿನ ಹೊದಿಕೆಯೂ ಇತ್ತು. ದನಿ ಮಾತ್ರ ಇರಲಿಲ್ಲ. ಗಂಗೊಳ್ಳಿಯ ಈ ಶೆಡ್ಡಿನಲ್ಲಿ ಸಿಗಡಿ ಸುಲಿಯುವ ಹೆಂಗಸರಿಗೆಲ್ಲ ದಿನಾ ಕಾದಂಬರಿ ಓದುವವಳು ಕುಸುಮಾವತಿ, ಕಣ್ಣು ಕಾಣದವಳು. ಯಂತ್ರದ ದನಿ ಅವಳ ಕಿವಿಯಲ್ಲಿ ಓದುತ್ತದೆ, ಅವಳು ಅರ್ಧ ವಾಕ್ಯ ಹಿಂದೆ ನಡೆಯುತ್ತ ಅದನ್ನೇ ಗಟ್ಟಿಯಾಗಿ ಹೇಳುತ್ತಾಳೆ. ಕೈ ಸುಲಿಯುತ್ತಲೇ ಇರುತ್ತದೆ. ದನಿ ತುಂಬ ಮುಂದೆ ಹೋದರೆ ಮೊಣಕೈಯಿಂದ ಒಂದು ಗುಂಡಿ ಒತ್ತಿ ನಿಲ್ಲಿಸುತ್ತಾಳೆ. ಇವತ್ತು ಮೊಣಕೈ ಎರಡು ಸಲ ಸುಮ್ಮನೆ ಆ ಗುಂಡಿಯನ್ನು ಒತ್ತಿತು. ಯಾರೂ ಮಾತಾಡದ ಕಿವಿಯಲ್ಲಿ ಯಾರನ್ನೋ ನಿಲ್ಲಿಸಿದ ಹಾಗೆ.

“ಹ್ವಾಯ್ ಕುಸುಮಕ್ಕ, ಎಂತಕ್ಕೆ ನಿಲ್ಸಿದ್ದ್? ಒಳಗ್ ಹೋದ್ಲಾ ಇಲ್ಯಾ?” ಎಂದಳು ಎದುರಿನಿಂದ ಪುಷ್ಪ.

“ಪುಸ್ತಕದಗೆ ಬಂದ್ ಹಾಂಗೇ ಓದುದಲ್ದಾ ನಾನ್? ನಿಂಗ್ ಅರ್ಜೆಂಟ್ ಅಂದ್ಹೇಳಿ ಅವ್ಳನ್ನ ದೂಡುಕ್ ಆತ್ತಾ?”

ಹೆಂಗಸರು ನಕ್ಕರು. ಆ ನಗೆಯ ಮರೆಯಲ್ಲಿ ಕುಸುಮಾವತಿ ಒಂದು ವಾಕ್ಯ ಹೊಂದಿಸಿಕೊಂಡಳು. ಚಪ್ಪರದ ಬಾಗಿಲಲ್ಲಿ ಕಟ್ಟಿದ ಬಾಳೆಯ ಕಂಬದಿಂದ ನೀರು ಒಸರುತ್ತಿತ್ತು, ಎಂದಳು. ಎಲ್ಲಿಂದ ಬಂತೋ ಆ ನೀರು. ಕಡಿದು ತಂದು ನಿಲ್ಲಿಸಿದ ಬಾಳೆ ನಾಳೆಯವರೆಗೂ ತನಗೆ ಗೊನೆ ಬಿಡಲಿಕ್ಕಿದೆ ಎಂದುಕೊಂಡೇ ಇರುತ್ತದೆ, ಎಂದಳು. ಶೆಡ್ಡಿನಲ್ಲಿ ಸಿಪ್ಪೆ ಮುರಿಯುವ ಸದ್ದು ಒಂದು ಕ್ಷಣ ಕಡಿಮೆಯಾಯಿತು. ಅದು ಅವಳಿಗೆ ಕೇಳಿಸಿತು. ಕೇಳಿಸಿ ಒಳಗೆಲ್ಲೋ ಚುಚ್ಚಿತು. ಇಷ್ಟು ಕಾಲ ಆ ದನಿ ಕಿವಿಯಲ್ಲಿದ್ದಾಗ ಬಾರದ ಮೌನ ಇದು. ಅದು ಕಷ್ಟಪಟ್ಟು ಓದಿದ್ದಕ್ಕೆ ಇವರು ಕೈ ನಿಲ್ಲಿಸಿರಲಿಲ್ಲ, ತಾನು ಸುಳ್ಳು ಹೇಳಿದ್ದಕ್ಕೆ ನಿಲ್ಲಿಸುತ್ತಿದ್ದಾರೆ. ಮನೆಯಲ್ಲಿ ಹೆಣ ಇಟ್ಟುಕೊಂಡು ಸತ್ತವರ ಹೆಸರಿನಲ್ಲಿ ಊಟಕ್ಕೆ ಕೂತವಳ ಹಾಗೆ ಅವಳಿಗೆ ನಾಚಿಕೆಯಾಯಿತು.

ಹಾಗೆಂದು ಆ ದನಿಗೆ ಹೆಸರಿಡುವ ಹಾಗಿರಲಿಲ್ಲ. ಒಳ್ಳೆಯ ದನಿ ಎಂದು ಯಾರೂ ಹೇಳಲಾರರು, ನಿಜ. ಮೂಗು ಕಟ್ಟಿದ ಗಂಡಸೊಬ್ಬ ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ. ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ರಾಗದಲ್ಲಿ ಹೇಳುತ್ತಿತ್ತು. ‘ಡಾ.’ ಎಂದಿದ್ದರೆ ‘ಡಾ ಚುಕ್ಕೆ’ ಎನ್ನುತ್ತಿತ್ತು; ಅವಳೂ ಹಾಗೇ ಹೇಳಿ ಹೇಳಿ ಈಗ ಶೆಡ್ಡಿನ ಹೆಂಗಸರೆಲ್ಲ ಕುಂದಾಪುರದ ಆಸ್ಪತ್ರೆಗೆ ಹೋಗುವಾಗ “ಡಾ ಚುಕ್ಕಿ ಇದ್ರಾ ಇಲ್ಯಾ ಕೇಂಡ್ ಬತ್ತೆ” ಎನ್ನುತ್ತಾರೆ. ಆದರೆ ಆ ದನಿ ಒಂದನ್ನೂ ಬಿಡುತ್ತಿರಲಿಲ್ಲ. ಔಷಧಿಯ ಚೀಟಿ, ತೀರಿಕೊಂಡವರ ಜಾಹೀರಾತು, ಲಗ್ನಪತ್ರಿಕೆಯ ಕೆಳಗೆ ಸಣ್ಣದಾಗಿ ಹಾಕಿದ ಮಕ್ಕಳ ಹೆಸರು, ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಓದುತ್ತಿತ್ತು. ಕಣ್ಣು ಹೋದ ಮೊದಲ ವರ್ಷಗಳಲ್ಲಿ ಅವಳಿಗೆ ಓದಿ ಹೇಳಿದ ಮನುಷ್ಯರಿಗೆ ಆ ಶ್ರದ್ಧೆ ಇರಲಿಲ್ಲ. ಕಾಗದ ಬಂದರೆ ತಮ್ಮನ ಹೆಂಡತಿ ಮೇಲಿನಿಂದ ಕೆಳಗೆ ಕಣ್ಣಾಡಿಸಿ, “ಎಂತ ಇಲ್ಲೆ ಅತ್ತಿಗೆ, ಎಲ್ಲ ಚೆಂದ ಇದ್ರಂಬ್ರ್” ಎಂದು ಮಡಚಿಟ್ಟುಬಿಡುತ್ತಿದ್ದಳು. ಕೆಟ್ಟವಳಲ್ಲ, ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು. ಆದರೆ ಎರಡು ಬದಿ ಬರೆದ ಕಾಗದದಲ್ಲಿ ಎಂತ ಇಲ್ಲದಿರಲು ಹೇಗೆ ಸಾಧ್ಯ ಎಂದು ಕುಸುಮಾವತಿ ರಾತ್ರಿಯಿಡೀ ಆ ಕಾಗದವನ್ನು ಬೆರಳಲ್ಲಿ ಸವರುತ್ತಿದ್ದಳು. ಆ ತಗಡಿನ ದನಿ ಒಮ್ಮೆಯೂ ‘ಎಂತ ಇಲ್ಲೆ’ ಅನ್ನಲಿಲ್ಲ.

ಅಕ್ಷರ ಅವಳಿಗೆ ಸಿಕ್ಕಿದ್ದೇ ತಡವಾಗಿ. ಮೀನು ಮಾರಿ ಬಂದು, ಬುಟ್ಟಿ ತೊಳೆದಿಟ್ಟು, ಶಾಲೆಯಲ್ಲಿ ದೊಡ್ಡವರಿಗೆಂದು ಸಂಜೆಯ ಮೇಲೆ ನಡೆಸುತ್ತಿದ್ದ ತರಗತಿಗೆ ಹೋಗುತ್ತಿದ್ದಳು. ಸಣ್ಣ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸುತ್ತಿರಲಿಲ್ಲ. ಕಪ್ಪು ಹಲಗೆಯ ಮೇಲೆ ಮಾಸ್ತರು ಬರೆದ ‘ಕ್ಷ’ ಅವಳಿಗೆ ಕಾಲು ಮಡಚಿ ಕೂತ ಏಡಿಯ ಹಾಗೆ ಕಂಡಿತ್ತು, ಹಾಗೆಂದು ಹೇಳಿ ಬೈಸಿಕೊಂಡಿದ್ದಳು. ಪುಸ್ತಕ ಓದಲು ಬಂದು ಕೆಲವೇ ವರ್ಷಗಳಲ್ಲಿ ಹಲಗೆಯ ಅಂಚುಗಳು ಮಸುಕಾದವು. ಆಮೇಲೆ ಪುಟದ ಅಂಚು. ಆಮೇಲೆ ಸಾಲಿನ ಎರಡೂ ಕೊನೆ. ಕಣ್ಣಿನೊಳಗೆ ಒತ್ತಡ, ತಡವಾಗಿ ಬಂದಿರಿ ಎಂದರು ಆಸ್ಪತ್ರೆಯವರು. ಎಲ್ಲಕ್ಕೂ ತಡವಾಗಿಯೇ ಬಂದವಳಿಗೆ ಅದು ಹೊಸ ಮಾತಾಗಿರಲಿಲ್ಲ. ಕೊನೆಗೆ ಪುಟದ ನಡುವೆ ಒಂದು ಅಕ್ಷರದಷ್ಟು ಜಾಗ ಉಳಿದಿತ್ತು. ಅದರಲ್ಲಿ ಒಂದೊಂದೇ ಅಕ್ಷರವನ್ನು ಎಳೆದು ತಂದು ಓದುತ್ತಿದ್ದಳು, ಬಾವಿಯಿಂದ ಚೊಂಬಿನಲ್ಲಿ ನೀರೆತ್ತುವ ಹಾಗೆ. ಅದೂ ಮುಚ್ಚಿತು. ಅದಾದ ಎಷ್ಟೋ ಕಾಲದ ಮೇಲೆ ಕಾಣದವರಿಗೆಂದು ನಡೆಸಿದ ಶಿಬಿರವೊಂದರಲ್ಲಿ ಈ ಲ್ಯಾಪ್‌ಟಾಪು ಕೊಟ್ಟರು, ಕೀಲಿಗಳನ್ನು ಬೆರಳಿಗೆ ಬಾಯಿಪಾಠ ಮಾಡಿಸಿದರು, ಕಿವಿಗೆ ಇಯರ್‌ಫೋನು ಸಿಕ್ಕಿಸಿದರು. ಮೊದಲು ಕೇಳಿಸಿದ ವಾಕ್ಯ ಈಗಲೂ ನೆನಪಿದೆ. “ಈ ಕನ್ನಡ ದನಿಯನ್ನು ತಯಾರಿಸಿದವರು ಅನೂಪ್, ಬ್ರಹ್ಮಾವರ. ತಪ್ಪುಗಳಿದ್ದರೆ ದಯವಿಟ್ಟು ಬರೆದು ತಿಳಿಸಿ.” ಹಿಂದೆಯೇ ಅವನ ಇಮೇಲ್ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿತು.

ಶಿಬಿರದವರು ಹೇಳಿದ್ದರು, ಅದು ಅವನದೇ ದನಿ ಎಂದು. ತನ್ನ ಮನೆಯಲ್ಲೇ ಕೂತು, ಬಿಡಿ ಬಿಡಿಯಾಗಿ ಸಾವಿರಾರು ತುಣುಕುಗಳನ್ನು ಹೇಳಿ, ಹಿಡಿದು, ಜೋಡಿಸಿದ್ದಂತೆ. ಯಾರೂ ಕೇಳಿರಲಿಲ್ಲವಂತೆ, ಯಾರೂ ಏನೂ ಕೊಟ್ಟಿರಲಿಲ್ಲವಂತೆ. ಒಬ್ಬ ಮನುಷ್ಯ ಕನ್ನಡದ ಒಂದೊಂದು ಸದ್ದನ್ನೂ ತನ್ನ ಗಂಟಲಿಗೆ ತಂದು, ನಾಲಿಗೆಯಲ್ಲಿ ತಿರುಗಿಸಿ, ಇದು ಸರಿಯಾಯಿತೇ ಎಂದು ಮತ್ತೊಮ್ಮೆ ಹೇಳಿ ಇಟ್ಟುಹೋಗಿದ್ದಾನೆ. ಸಿಗಡಿ ಸುಲಿದ ಕೈಗೆ ಆ ಕೆಲಸದ ಬೆಲೆ ಗೊತ್ತಾಗುತ್ತದೆ: ಒಂದೊಂದನ್ನೂ ಬೇರೆ ಬೇರೆಯಾಗಿ ಎತ್ತಿ, ಬೇರೆ ಬೇರೆಯಾಗಿ ಬಿಡಿಸಬೇಕು, ರಾಶಿಯನ್ನು ರಾಶಿಯಾಗಿ ಸುಲಿಯುವ ದಾರಿಯೇ ಇಲ್ಲ. ‘ಕ್ಷ’ ಹೇಳುವ ಹೊತ್ತಿಗೆ ಅವನ ಮನೆಯ ಹಿಂದೆ ಕಾಗೆಯೊಂದು ಕೂಗಿರಬೇಕು. ಅವನು ಅದನ್ನು ಗಮನಿಸಲಿಲ್ಲವೋ, ಇರಲಿ ಬಿಡು ಎಂದನೋ, ಅಂದಿನಿಂದ ಯಾವ ಪುಸ್ತಕದಲ್ಲಿ ‘ಕ್ಷ’ ಬಂದರೂ ಅದರ ಬೆನ್ನಿಗೆ ದೂರದಲ್ಲಿ ಆ ಒಂದೇ ಕಾಗೆ. ಕ್ಷಮೆ ಕೇಳಿದರೂ ಕಾಗೆ, ರಾಕ್ಷಸ ಬಂದರೂ ಕಾಗೆ. ಬೇರೆಯವರಿಗೆ ಅದು ಕೇಳಿಸದಷ್ಟು ಸಣ್ಣ ಸದ್ದು. ಅವಳಿಗೆ ಮಾತ್ರ ಆ ಮನೆಯ ಹಿತ್ತಲು, ಪಾತ್ರೆ ತೊಳೆಯುವ ಕಲ್ಲು, ಅದರ ಮೇಲೆ ಅನ್ನದ ಅಗುಳಿಗೆ ಕುಳಿತ ಕಾಗೆ, ಎಲ್ಲ ಗೊತ್ತಿತ್ತು. ಕಣ್ಣಿನ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರು ‘ಬ್ರಹ್ಮಾವರ, ಬ್ರಹ್ಮಾವರ’ ಎಂದು ಕೂಗಿದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು. ಪಕ್ಕದಲ್ಲಿ ಕೂತು ಸುಲಿಯುವ ಅಕ್ಷಯಾಳನ್ನು ಕರೆದಾಗಲೆಲ್ಲ ಒಂದು ಕ್ಷಣ ತಡೆದು ಕಾಗೆಗೆ ಕಿವಿಗೊಡುತ್ತಿದ್ದಳು, ಅಭ್ಯಾಸ.

ಭಾನುವಾರ ಸಂಜೆ ಲ್ಯಾಪ್‌ಟಾಪು ತಾನೇ ಆರಿ ತಾನೇ ಹತ್ತಿತು. ಆಮೇಲೆ ಕಾದಂಬರಿ ತೆರೆದರೆ ಇಂಗ್ಲಿಷಿನ ಹೆಂಗಸೊಬ್ಬಳು ಸಾಲಿಗೊಂದು ಸಲ “ಬ್ಲ್ಯಾಂಕ್” ಎಂದಳು. ಮುಂದಿನ ಸಾಲು, ಬ್ಲ್ಯಾಂಕ್. ಅದರ ಮುಂದಿನದು, ಬ್ಲ್ಯಾಂಕ್. ಗುಂಡಿಗಳ ಹೆಸರು, ಗಂಟೆ, ಬ್ಯಾಟರಿ ಎಲ್ಲವನ್ನೂ ಆಕೆ ಸರಾಗವಾಗಿ ಹೇಳುತ್ತಿದ್ದಳು, ಕನ್ನಡ ಬಂದ ಕೂಡಲೇ ಅಲ್ಲಿ ಏನೂ ಇಲ್ಲ ಎನ್ನುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ‘ಎಂತ ಇಲ್ಲೆ’ ಎಂಬ ಮಾತು ಇಂಗ್ಲಿಷಿನಲ್ಲಿ ತಿರುಗಿ ಬಂದಿತ್ತು. ನಿನ್ನೆ ಅದನ್ನು ಚೀಲದಲ್ಲಿ ಹಾಕಿಕೊಂಡು ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟ ರಾಜೀವನಲ್ಲಿಗೆ ಹೋದಳು.

“ಕೂಕಣಿ ಅಕ್ಕಾ,” ಎಂದ ರಾಜೀವ. ಬಹಳ ಹೊತ್ತು ಟಕಟಕ ಮಾಡಿದ. “ಇದ್ ರಾಶಿ ಹಳೇ ವರ್ಷನ್ ಮರ್ರೆ. ಅದನ್ನ ಮಾಡುವತಿಗೆ ಇದ್ದದ್ ಆಪರೇಟಿಂಗ್ ಸಿಸ್ಟಮ್ಮೇ ಬೇರೆ. ಈಗ ಸಿಸ್ಟಂ ಅಪ್‌ಡೇಟ್ ಆಯ್ತಲ್ದಾ, ಇದನ್ನ ಒಳಗೇ ಬಿಡ್ತಿಲ್ಲೆ.”

“ಮೊದ್ಲ್ ಇದ್ದಲ್ಲಿಗೇ ವಾಪಸ್ ಹೋಪುಕ್ ಆತಿಲ್ಯಾ?”

“ಅದನ್ನೂ ಕಂಡೆ. ಜಾಗ ಸಾಲ್ದೆ ಹಳೇದನ್ನ ಅದೇ ಅಳ್ಸಿ ಹಾಕಿತ್ತ್.” ಅವನು ಮತ್ತೆ ಎರಡು ಸಲ ಟಕಟಕ ಮಾಡಿ, “ದನಿ ಹಾಳಾಯ್ಲಿಲ್ಲೆ ಅಕ್ಕಾ. ಇಡೀ ಹಾಂಗೇ ಇತ್ತ್ ಒಳಗೆ. ಮಾತಾಡುಕೆ ಬಿಡುವವ್ರ್ ಇಲ್ಲೆ ಅಷ್ಟೇ” ಎಂದ.

ಆ ಮಾತು ಬಸ್ಸಿನುದ್ದಕ್ಕೂ ಅವಳ ಜೊತೆ ಬಂತು. ಇದೆ, ಒಳಗೇ ಇದೆ, ಇಡಿಯಾಗಿ ಇದೆ. ರಾಜೀವ ಹೊಸ ದನಿಯೊಂದನ್ನೂ ಕೇಳಿಸಿದ್ದ. ಹೆಂಗಸಿನ ದನಿ, ಚೆಂದದ್ದು, ಉಸಿರು ತೆಗೆದುಕೊಳ್ಳುವ ಸದ್ದೂ ಇತ್ತು. ಅವಳು ಆಗಲೇ ಓದಿ ಮುಗಿಸಿದ್ದ ಪುಟವೊಂದನ್ನು ಅದು ಓದಿತು. ತಂಗಿಯ ಮದುವೆಗೆ ಕರೆಯದಿದ್ದರೂ ಹೊರಟ ಗುಲಾಬಿ ಬಸ್ಸಿನಲ್ಲಿ ಕೂತು ಸೆರಗಿನ ಗಂಟು ಬಿಚ್ಚಿ ಕಟ್ಟುವ ಪುಟ. ಆ ದನಿ ಅಲ್ಲಿ ನಡುಗಿತು. ಕುಸುಮಾವತಿಗೆ ಮಾಡಲು ಏನೂ ಉಳಿಯಲಿಲ್ಲ. ಹಳೆಯ ದನಿ ಅಳುವಲ್ಲಿ ಅಳುತ್ತಿರಲಿಲ್ಲ, ನಗುವಲ್ಲಿ ನಗುತ್ತಿರಲಿಲ್ಲ. ಅನ್ನ ಬಡಿಸಿ ಪಕ್ಕಕ್ಕೆ ಸರಿದು ನಿಲ್ಲುವವರ ಹಾಗೆ ಪದ ಹಾಕಿ ಸರಿದು ನಿಲ್ಲುತ್ತಿತ್ತು, ಉಪ್ಪು ಹುಳಿ ಇವಳದು. ಈಕೆ ತುತ್ತು ಮಾಡಿ ಬಾಯಿಗೇ ಇಡುತ್ತಾಳೆ. ಕೆಟ್ಟದ್ದೇನಲ್ಲ, ಮುದ್ದು ಮಾಡಿಸಿಕೊಳ್ಳುವ ವಯಸ್ಸಿನವರಿಗೆ ಒಳ್ಳೆಯದೇ. “ಇದಕ್ಕೆ ಸಮಾ ನೆಟ್ ಬೇಕ್, ನಿಮ್ಮ ಶೆಡ್ಡಿನಗೆ ತಡದ್ ತಡದ್ ಬಪ್ಪುದೇ” ಎಂದು ರಾಜೀವನೇ ಹೇಳಿದ. ಸದ್ಯ ಬೇಡ ಎಂದಳು. “ಹ್ವಾಯ್, ಹಾಂಗಾರೆ ಮಾಡ್ದವ್ರಿಗೇ ಒಂದ್ ಮೇಲ್ ಹಾಕಿ” ಎಂದ, ಅಷ್ಟು ಹಗುರವಾಗಿ.

ಮೇಲ್. ಅವಳ ಲ್ಯಾಪ್‌ಟಾಪಿನಲ್ಲಿ ಅನೂಪನಿಗೆ ಬರೆಯಲು ತೊಡಗಿದ ಕಾಗದವೊಂದು ಮೊದಲ ವರ್ಷದಿಂದಲೇ ಕಳಿಸದೆ ಬಿದ್ದಿದೆ ಎಂದು ಅವನಿಗೇನು ಗೊತ್ತು? ಎಷ್ಟು ಮಳೆಗಾಲ ಕೂತಳು ಅದರ ಮುಂದೆ. ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಬೇಕಾದರೆ ಅದನ್ನು ಓದಿಸಿ ಕೇಳಬೇಕು. ಓದುವವನು ಯಾರು, ಅವನೇ. ‘ಮಾನ್ಯರೇ, ನಿಮ್ಮ ದನಿಯಿಂದ ನನಗೆ ತುಂಬ ಉಪಕಾರವಾಗಿದೆ’ ಎಂದು ಅವನದೇ ಕಟ್ಟಿದ ಮೂಗಿನಲ್ಲಿ, ಅವನದೇ ಒಣ ರಾಗದಲ್ಲಿ ಕೇಳಿಸುತ್ತಿತ್ತು. ಅವನೇ ತನ್ನನ್ನು ಹೊಗಳಿಕೊಂಡ ಹಾಗೆ. ಇಲ್ಲವೇ, ಅವಳು ಎದುರಿಗೆ ನಿಂತು ಹೇಳಿದ್ದನ್ನು ಅವನು ಅಣಕಿಸಿ ತೋರಿಸಿದ ಹಾಗೆ. ಮುಖ ಬಿಸಿಯಾಗುತ್ತಿತ್ತು. ಒಂದು ವಾಕ್ಯ ಅಳಿಸುತ್ತಿದ್ದಳು, ಇನ್ನೊಂದು ಸೇರಿಸುತ್ತಿದ್ದಳು, ಅದನ್ನೂ ಅವನೇ ಓದುತ್ತಿದ್ದ. ಮುಚ್ಚಿಡುತ್ತಿದ್ದಳು. ಸಣ್ಣ ಮಕ್ಕಳ ಬೆಂಚಿನಲ್ಲಿ ಕೂತು ಕಲಿತ ಕನ್ನಡ ಇದು, ಇಡೀ ಕನ್ನಡವನ್ನು ಗಂಟಲಲ್ಲಿ ಇಟ್ಟುಕೊಂಡವನಿಗೆ ಯಾಕೆ ಎನಿಸುತ್ತಿತ್ತು.

“ಕುಸುಮಕ್ಕ, ಮುಂದೆ?” ಅಕ್ಷಯಾ ಕೇಳಿದಳು.

ಚಪ್ಪರದ ಒಳಗಿನಿಂದ ವಾಲಗದ ಸದ್ದು ಬರುತ್ತಿತ್ತು, ಎಂದಳು ಕುಸುಮಾವತಿ. ಒಳಗಿದ್ದವರಿಗೆ ಹೊರಗೆ ನಿಂತವಳು ಕಾಣುತ್ತಿದ್ದಳೋ ಇಲ್ಲವೋ ಗುಲಾಬಿಗೆ ತಿಳಿಯಲಿಲ್ಲ. ಕಂಡೂ ಸುಮ್ಮನಿದ್ದಾರೆಯೇ ಎಂಬುದಂತೂ ತಿಳಿಯಲೇ ಇಲ್ಲ. ಇಷ್ಟು ಹೇಳಿ ನಿಲ್ಲಿಸಿದಳು. ಒಳಗೆ ಕಳಿಸಿಬಿಡಬಹುದಿತ್ತು, ಒಂದು ಮಾತು ಸಾಕಿತ್ತು. ಆದರೆ ಪುಸ್ತಕದಲ್ಲಿ ಗುಲಾಬಿ ಹಿಂದಿರುಗಿ ಬಸ್ಸು ಹತ್ತಿದ್ದರೆ? ಯಾರೋ ಯೋಚಿಸಿ ಬರೆದದ್ದನ್ನು, ಇನ್ಯಾರೋ ತುಣುಕು ತುಣುಕಾಗಿ ಹೇಳಿಟ್ಟದ್ದನ್ನು, ನಡುವೆ ಕೂತ ತಾನು ಹೀಗೆ ಕದಿಯುವುದೇ? “ಇವತ್ತಿಗೆ ಇಷ್ಟೇ,” ಎಂದು ಇಯರ್‌ಫೋನು ತೆಗೆದಳು.

ಅಷ್ಟರಲ್ಲಿ ದಕ್ಕೆಯ ಕಡೆಯಿಂದ ಬೋಟು ಬಂದ ಗದ್ದಲ ಕೇಳಿಸಿ ಹೆಂಗಸರು ಬುಟ್ಟಿ ಎತ್ತಿಕೊಂಡು ಹೊರಟರು. ಪುಷ್ಪ ಹಿಂದೆ ಉಳಿದಳು. ನೀರಿನ ಕೊಡ ಎತ್ತಿ ಕುಸುಮಾವತಿಯ ಕೈಗೆ ಹುಯ್ಯುತ್ತ, “ಇವತ್ತ್ ಲಾಯ್ಕ್ ಓದ್ದೆ ಮರಾಯ್ತಿ. ನಿಲ್ಲೂ ಜಾಗದಗೆ ನಿಂತೆ. ಡಾ ಚುಕ್ಕಿಯೂ ಇಲ್ಲೆ ಎಂತದೂ ಇಲ್ಲೆ” ಎಂದಳು.

ಕುಸುಮಾವತಿ ಕೈ ಉಜ್ಜುತ್ತಲೇ ಇದ್ದಳು.

“ಯಾವತ್ತಿಂದ ಹಾಳಾಯ್ತ್ ಅದ್?”

“ಎಂತದ್?”

“ನಿನ್ನ ಪೆಟ್ಟಿಗಿ. ಅದ್ರಗೆ ಬೆಳ್ಕೇ ಇಲ್ಲೆ ಇವತ್ತ್. ದಿನಾ ಬಿಳಿ ಬೆಳ್ಕ್ ಇತ್ತ್, ಅಕ್ಷರ ಮೇಲ್ ಮೇಲ್ ಹೋತಾ ಇತ್ತ್. ಇವತ್ತ್ ಬೆಳಿಗ್ಗೆಯಿಂದ ಕಪ್ಪ್ ಕಪ್ಪ್. ನಮ್ಮ್ ಮುಖವೇ ಕಾಂತಿತ್ತ್ ಅದ್ರಗೆ.”

ಪರದೆ. ಲ್ಯಾಪ್‌ಟಾಪಿಗೆ ಪರದೆ ಎಂಬುದೊಂದು ಇದೆ ಎಂಬುದನ್ನೇ ಅವಳು ಮರೆತಿದ್ದಳು. ಅವಳ ಪಾಲಿಗೆ ಅದು ದನಿ ಬರುವ ಹಲಗೆ. ದನಿ ಇಲ್ಲದ ಮೇಲೆ ಹಚ್ಚುವುದೇಕೆಂದು ಬೆಳಿಗ್ಗೆ ಹಚ್ಚಿರಲೇ ಇಲ್ಲ. ಅಂದರೆ ಮೊದಲ ವಾಕ್ಯದಿಂದಲೂ ಎಲ್ಲರಿಗೂ ಗೊತ್ತಿತ್ತು. ಬಾಳೆಯ ಕಂಬದ ನೀರು, ಮೊಣಕೈ ಒತ್ತಿದ ನಾಟಕ, ‘ಪುಸ್ತಕದಗೆ ಬಂದ್ ಹಾಂಗೇ’ ಎಂದ ಜಂಬ. ಆ ನಗು ಯಾಕೆಂದು ಈಗ ತಿಳಿಯಿತು. ಕಿವಿಯ ತುದಿಯವರೆಗೆ ಬಿಸಿ ಏರಿತು.

“ಗೊತ್ತಿದ್ದ್ ಎಂತಕ್ಕೆ ಕೂಕಂಡ್ರಿ ಮತ್ತೆ?”

“ಎಂತಕ್ಕಂದ್ರೆ? ಗುಲಾಬಿ ಎಂತ ಮಾಡಿದ್ಲ್ ಗೊತ್ತಾಯ್ಕಲ್ದಾ?” ಪುಷ್ಪ ಕೊಡವನ್ನು ಕೆಳಗಿಟ್ಟಳು. “ನೀನ್ ಒಳಗ್ ಕಳ್ಸಲಿಲ್ಲೆ. ಅಕ್ಷಯಾ ಹೇಳ್ತ್ಲ್, ಪಾಪ ಕುಸುಮಕ್ಕಂಗೂ ಗೊತ್ತಿಲ್ಲೆ ಅಂದ್ಹೇಳಿ. ಮಾಡ್ದವ್ರ್ ಯಾರೋ ಬ್ರಹ್ಮಾವರದವ್ರ್ ಅಂದಿದ್ದೆ ಅಲ್ದಾ? ಅವ್ರಿಗೆ ಹೇಳ್ಕ್ ಮರಾಯ್ತಿ. ಹೇಳ್ದೆ ಇದ್ರೆ ಅವ್ರಿಗ್ ಹ್ಯಾಂಗ್ ಗೊತ್ತಾತ್ತ್, ಇಲ್ಲೊಬ್ಳ್ ಕೇಂತಿದ್ಲ್ ಅಂದ್ಹೇಳಿ?”

ಆ ಮಾತನ್ನು ಪುಷ್ಪ ಸುಮ್ಮನೆ ಆಡಿದ್ದು. ಆದರೆ ಕುಸುಮಾವತಿ ಅದರ ಮೇಲೆ ಕಾಲು ಜಾರಿ ನಿಂತ ಹಾಗೆ ನಿಂತಳು. ಹೌದಲ್ಲ. ಅವನು ಒಬ್ಬನೇ ಕೋಣೆಯಲ್ಲಿ ಕೂತು ಯಾರೂ ಇಲ್ಲದ ಕಡೆಗೆ ಮಾತಾಡಿದ್ದ. ಇಷ್ಟು ವರ್ಷ ಅವನ ಪಾಲಿಗೂ ಈ ಕಡೆ ಬ್ಲ್ಯಾಂಕ್. ತನ್ನ ಕನ್ನಡ ಸಾಲದು ಎಂದು ತಾನು ಸುಮ್ಮನಿದ್ದದ್ದು ವಿನಯವೆಂದುಕೊಂಡಿದ್ದಳು. ಎರಡು ಬದಿ ಬರೆದವನಿಗೆ ‘ಎಂತ ಇಲ್ಲೆ’ ಎಂದು ಕಾಗದ ಮಡಚಿಟ್ಟವಳು ತಾನೇ.

“ನಿನ್ನ ಫೋನಿಂದ ಒಂಚೂರ್ ನೆಟ್ ಕೊಡ್,” ಎಂದಳು.

“ತಕೋ. ಬಾಗಿಲ ಹತ್ರ ಕೂಕೋ, ಇಲ್ಲಿ ಬತ್ತಿಲ್ಲೆ.” ಪುಷ್ಪ ಕ್ರೇಟನ್ನು ಬಾಗಿಲಿಗೆ ಎಳೆದು, ಫೋನನ್ನು ಅದರ ಮೇಲಿಟ್ಟು, “ನಾನ್ ಮೀನ್ ಕಂಡ್ಕಂಡ್ ಬತ್ತೆ” ಎಂದು ಹೋದಳು.

ಕುಸುಮಾವತಿ ಲ್ಯಾಪ್‌ಟಾಪು ಹಚ್ಚಿದಳು. ಇಂಗ್ಲಿಷಿನ ಹೆಂಗಸು ಒಂದೊಂದೇ ಬಾಗಿಲು ತೋರಿಸುತ್ತ ಕರೆದೊಯ್ದಳು, ಕಳಿಸದ ಕಾಗದದವರೆಗೆ. ಅದನ್ನು ತೆರೆದರೆ ಬ್ಲ್ಯಾಂಕ್, ಬ್ಲ್ಯಾಂಕ್, ಬ್ಲ್ಯಾಂಕ್. ಯಾವ ವಾಕ್ಯ ಉಳಿದಿತ್ತೋ ಯಾವುದನ್ನು ಅಳಿಸಿದ್ದಳೋ ನೆನಪಿರಲಿಲ್ಲ. ವಿಳಾಸವೊಂದನ್ನು ಬಿಟ್ಟು ಇಡೀ ಅಳಿಸಿದಳು. ಸಿಗಡಿಯ ವಾಸನೆ ಹೋಗದ ಬೆರಳುಗಳನ್ನು ಸೆರಗಿಗೆ ಒರೆಸಿ ಕೀಲಿಗಳ ಮೇಲಿಟ್ಟಳು. ಒತ್ತಿದ ಕೀಲಿಗೆ ಮೊದಲಾದರೆ ಅವನು ‘ನ’ ಎನ್ನುತ್ತಿದ್ದ, ‘ಮ’ ಎನ್ನುತ್ತಿದ್ದ. ಈಗ ಕೀಲಿಯ ಟಕ್ಕೆಂಬ ಸದ್ದು ಮಾತ್ರ. ಕತ್ತಲಲ್ಲಿ ಬಲೆ ಬಿಟ್ಟ ಹಾಗೆ. ಬಿದ್ದಿತೋ ಇಲ್ಲವೋ ಎಳೆದ ಮೇಲೆಯೇ ತಿಳಿಯುವುದು, ಮತ್ತು ಎಳೆಯುವವಳು ತಾನಲ್ಲ. ಆದರೆ ಹೆದರಿಕೆ ಬರಲಿಲ್ಲ. ಯಾರೂ ತಿರುಗಿ ಓದಿ ತೋರಿಸುವುದಿಲ್ಲ ಎಂಬುದು ಮೊದಲು ಬೆರಳಿಗೆ ತಿಳಿಯಿತು, ಆಮೇಲೆ ಅವಳಿಗೆ. ಬೆರಳು ಓಡಿತು.

‘ಅನೂಪ್ ಅವರಿಗೆ ಗಂಗೊಳ್ಳಿಯ ಕುಸುಮಾವತಿಯ ನಮಸ್ಕಾರಗಳು. ನಾನು ನಿಮ್ಮ ದನಿಯನ್ನು ಬಹಳ ವರ್ಷಗಳಿಂದ ಕೇಳುತ್ತಿದ್ದೇನೆ. ನಾನೊಬ್ಬಳೇ ಅಲ್ಲ, ಇಲ್ಲಿ ಸಿಗಡಿ ಸುಲಿಯುವವರೆಲ್ಲರೂ ಕೇಳುತ್ತಾರೆ, ಅವರಿಗೆ ನೀವು ನನ್ನ ಬಾಯಿಯಿಂದ ಕೇಳಿಸುತ್ತೀರಿ. ನೀವು ಇಲ್ಲದಿದ್ದರೆ ನಾನು ಕಲಿತ ಅಕ್ಷರ’. ಅಕ್ಷರ ಎಂದು ಒತ್ತಿ ಅಭ್ಯಾಸದಂತೆ ತಡೆದಳು. ಕಾಗೆ ಕೂಗಲಿಲ್ಲ. ದಕ್ಕೆಯ ಕಡೆಯಿಂದ ಐಸ್ ಒಡೆಯುವ ಸದ್ದು ಬರುತ್ತಿತ್ತು, ಯಾರೋ ಯಾರನ್ನೋ ಬೈಯುತ್ತಿದ್ದರು. ಮುಂದೆ ಒತ್ತಿದಳು. ‘ನಾನು ಕಲಿತ ಅಕ್ಷರ ನನ್ನೊಳಗೇ ಇದ್ದು ಮಾತಾಡದೆ ಹೋಗುತ್ತಿತ್ತು. ತಪ್ಪುಗಳಿದ್ದರೆ ತಿಳಿಸಿ ಅಂದಿದ್ದಿರಿ. ಒಂದೇ ತಪ್ಪು ಇದೆ, ನೀವು ಕ್ಷ ಹೇಳುವಾಗ ಹಿಂದೆ ಕಾಗೆ ಕೂಗುತ್ತದೆ. ಅದನ್ನು ತೆಗೆಯಬೇಡಿ. ಈಗ ಕಂಪ್ಯೂಟರು ಹೊಸತಾಗಿ ನಿಮ್ಮ ಹಳೆಯ ವರ್ಷನ್ ಅನ್ನು ಒಳಗೆ ಬಿಡುತ್ತಿಲ್ಲ. ನೀವು ಒಳಗೇ ಇದ್ದೀರಂತೆ, ಅಂಗಡಿಯ ರಾಜೀವ ಹೇಳಿದ. ನಿಮಗೆ ಪುರುಸೊತ್ತಿದ್ದರೆ ಸರಿ ಮಾಡಿ. ಪುರುಸೊತ್ತಿಲ್ಲದಿದ್ದರೂ ಬೇಸರವಿಲ್ಲ, ಇಷ್ಟು ಓದಿದ್ದೇ ತುಂಬ ಆಯಿತು. ಆದರೆ ಒಂದು ಕಾದಂಬರಿ ಅರ್ಧಕ್ಕೆ ನಿಂತಿದೆ. ಗುಲಾಬಿ ಅನ್ನುವವಳು ಕರೆಯದ ಮದುವೆಯ ಚಪ್ಪರದ ಬಾಗಿಲಲ್ಲಿ ನಿಂತಿದ್ದಾಳೆ. ಅವಳು ಒಳಗೆ ಹೋದಳೋ ಇಲ್ಲವೋ ಇಲ್ಲಿ ಎಲ್ಲರಿಗೂ ತಿಳಿಯಬೇಕಾಗಿದೆ. ಈ ಕಾಗದವನ್ನು ನಾನು ತಿರುಗಿ ಓದಿ ನೋಡಿಲ್ಲ, ನೀವಿಲ್ಲದೆ ಓದಲು ಬರುವುದಿಲ್ಲ. ಇದ್ದ ಹಾಗೇ ಕಳಿಸುತ್ತಿದ್ದೇನೆ.’

ಹೊರಗೆ ಹೆಂಗಸರು ಬುಟ್ಟಿ ಹೊತ್ತು ತಿರುಗಿ ಬರುವ ಚಪ್ಪಲಿಯ ಸದ್ದು. ಪುಷ್ಪ ದೂರದಿಂದಲೇ, “ಹ್ವಾಯ್, ಬೆಳ್ಕ್ ಬಂತ್ ಕಾಣ್ ಪೆಟ್ಟಿಗಿಗೆ!” ಎಂದು ಯಾರಿಗೋ ಕೂಗಿ ಹೇಳಿದಳು. ಕುಸುಮಾವತಿ ಇಂಗ್ಲಿಷಿನ ಹೆಂಗಸು ‘ಸೆಂಡ್’ ಎನ್ನುವವರೆಗೆ ಕೀಲಿ ಒತ್ತುತ್ತ ಹೋದಳು, ಅಲ್ಲಿ ನಿಂತಳು, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಮತ್ತು ಒತ್ತಿದಳು.